ಬೊಲೊನ್ಯಾದ ತಟ್ಟೆ, ಬರ್ಲಿನ್ನಿನ ಬುತ್ತಿ

ಓದುಗರ ಪ್ರಶ್ನೆ: "ನಾನು ರಾಣೆಬೆನ್ನೂರಿನವಳು, 24 ವರ್ಷ. ಎರಡು ವರ್ಷದ ಮಾಸ್ಟರ್ಸ್ ಕೋರ್ಸು. ಮೊದಲ ವರ್ಷ ಇಟಲಿಯ ಬೊಲೊನ್ಯಾ, ಎರಡನೆಯ ವರ್ಷ ಜರ್ಮನಿಯ ಬರ್ಲಿನ್. ಬೊಲೊನ್ಯಾಕ್ಕೆ ಬಂದು ಎಂಟು ತಿಂಗಳಾಯಿತು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಟಲಿ ಅಂದರೆ ಪಾಸ್ತಾ, ಪಿಜ್ಜಾ, ಸಸ್ಯಾಹಾರಿಗಳಿಗೆ ಸ್ವರ್ಗ ಅಂತ ಎಲ್ಲರೂ ಹೇಳಿ ಕಳಿಸಿದರು. ಆದರೆ ದಿನಾ ಪಾಸ್ತಾದ ಮೇಲೆ ತುರಿದುಕೊಂಡು ತಿನ್ನುತ್ತಿದ್ದ ಪಾರ್ಮಿಜಾನೊ ಚೀಸಿನಲ್ಲಿ ಕರುವಿನ ಹೊಟ್ಟೆಯ ಅಂಶ ಇರುತ್ತದೆ ಅಂತ ಹೋದ ತಿಂಗಳು ಗೊತ್ತಾಯಿತು. ಅವತ್ತಿನಿಂದ ಊಟ ಸೇರುತ್ತಿಲ್ಲ. ಇಲ್ಲಿಗೆ ಬಂದ ಮೇಲೆ ಐದು ಕೆಜಿ ತೂಕ ಏರಿದೆ, ಆದರೂ ಸದಾ ಸುಸ್ತು, ಬಾಚಣಿಗೆ ತುಂಬ ಕೂದಲು. ಬರ್ಲಿನ್‌ನಲ್ಲಿ ಕಲ್ಲಿನಂಥ ಬ್ರೆಡ್ಡು, ಸಾಸೇಜು, ಆಲೂಗಡ್ಡೆ ಬಿಟ್ಟರೆ ಏನೂ ಸಿಗುವುದಿಲ್ಲ, ರಾತ್ರಿ ತಣ್ಣನೆಯ ಊಟ ಅನ್ನುತ್ತಾರೆ. ಅವ್ವ 'ಮೊಟ್ಟೆ ತಿನ್ನೋಕೆ ಶುರು ಮಾಡು, ದೇವರು ಏನೂ ಅನ್ನೋದಿಲ್ಲ' ಅನ್ನುತ್ತಾಳೆ. ಒಗ್ಗರಣೆ ಹಾಕಿದರೆ ಜೊತೆಗಿರುವ ಹುಡುಗಿಯರು ಕಿಟಕಿ ತೆರೆಯುತ್ತಾರೆ. ಸ್ಪಾಗೆಟ್ಟಿ ಮುರಿದು ಶ್ಯಾವಿಗೆ ಉಪ್ಪಿಟ್ಟಿನ ಹಾಗೆ ಮಾಡಿದ್ದಕ್ಕೆ ಒಬ್ಬಳು ಎರಡು ದಿನ ಮಾತು ಬಿಟ್ಟಿದ್ದಳು. ಬರ್ಲಿನ್‌ಗೆ ಹೋಗಲೋ, ಎರಡನೆಯ ವರ್ಷವೂ ಇಲ್ಲೇ ಉಳಿಯುತ್ತೇನೆಂದು ಕೇಳಿಕೊಳ್ಳಲೋ? ಹೋಗುವುದಾದರೆ ರಜೆಗೆ ಊರಿಗೆ ಬಂದಾಗ ಏನೇನು ಕಟ್ಟಿಕೊಳ್ಳಲಿ?"

ಉತ್ತರ:

ಬೊಲೊನ್ಯಾದಲ್ಲೇ ಹೀಗಾದರೆ ಬರ್ಲಿನ್‌ನಲ್ಲಿ ಇನ್ನೇನು ಗತಿಯೋ ಅನ್ನುವುದು ನಿಮ್ಮ ಹೆದರಿಕೆ. ಮೊಟ್ಟೆ, ಚೀಸು, ಕೂದಲು, ಒಗ್ಗರಣೆ ಎಲ್ಲವೂ ಅದೇ ಗೂಟಕ್ಕೆ ಕಟ್ಟಿಕೊಂಡಿವೆ. ನಾನು ಹುಬ್ಬಳ್ಳಿಯಲ್ಲಿ ಆಹಾರ ಸಲಹೆಗಾರ್ತಿ. ಹೊರದೇಶಕ್ಕೆ ಓದಲು ಹೋದ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರು, ಇಂಥದೇ ಪ್ರಶ್ನೆ ಹಿಡಿದು ಬರುತ್ತಲೇ ಇರುತ್ತಾರೆ. ಹಿಂದೊಮ್ಮೆ ನಾನೂ ಬರ್ಲಿನ್‌ನಲ್ಲಿ ಒಂದೂವರೆ ವರ್ಷ ಬಾಡಿಗೆ ಕೋಣೆಯಲ್ಲಿದ್ದವಳು. ಆದ್ದರಿಂದ ನೇರವಾಗಿ ಹೇಳುತ್ತೇನೆ: ತಟ್ಟೆಯ ಮಟ್ಟಿಗೆ ನಿಮ್ಮ ಲೆಕ್ಕ ತಲೆಕೆಳಗಾಗಿದೆ. ಮೊಟ್ಟೆ ತಿನ್ನದ ಸಸ್ಯಾಹಾರಿಗೆ ಈ ಎರಡು ಊರುಗಳಲ್ಲಿ ಕಷ್ಟದ್ದು ಬೊಲೊನ್ಯಾ. ಕಷ್ಟದ ಊರಿನಲ್ಲಿ ನೀವು ಆಗಲೇ ಎಂಟು ತಿಂಗಳು ಕಳೆದಿದ್ದೀರಿ.

"ಇಟಲಿಯ ಊಟ" ಅನ್ನುವ ಮಾತಿನಲ್ಲೇ ಮೋಸವಿದೆ. ಕರ್ನಾಟಕದ ಊಟ ಅಂದರೆ ಯಾವುದು, ಮಂಗಳೂರಿನ ಮೀನುಸಾರೋ ನಿಮ್ಮ ರೊಟ್ಟಿ-ಎಣ್ಣೆಗಾಯಿಯೋ? ಹಾಗೇ ಅಲ್ಲೂ. ದಕ್ಷಿಣ ಇಟಲಿಯಲ್ಲಿ ಒಣ ಪಾಸ್ತಾ, ಟೊಮೇಟೊ, ಬದನೆ, ಕಾಳು, ಸೊಪ್ಪು, ಆಲಿವ್ ಎಣ್ಣೆ. ನಿಮ್ಮ ಜನ ಹೇಳಿ ಕಳಿಸಿದ ಸ್ವರ್ಗ ಅದು. ಬೊಲೊನ್ಯಾ ಇರುವುದು ಎಮಿಲಿಯಾ ಸೀಮೆಯಲ್ಲಿ. ಅಲ್ಲಿನ ಅಡುಗೆಗೆ ಮೂರು ಕಂಬ: ಹಂದಿ, ಮೊಟ್ಟೆ, ಬೆಣ್ಣೆ-ಚೀಸು. ಆ ಊರಿಗೆ ಮೂರು ಬಿರುದುಗಳಿರುವುದು ನಿಮ್ಮ ಕಿವಿಗೂ ಬಿದ್ದಿರಬೇಕು: ದೊತ್ತಾ, ಗ್ರಾಸ್ಸಾ, ರೊಸ್ಸಾ, ಪಂಡಿತೆ, ಕೊಬ್ಬಿದವಳು, ಕೆಂಪಿನವಳು. 1088ರಲ್ಲಿ ಹುಟ್ಟಿತೆಂದು ಹೇಳಿಕೊಳ್ಳುವ ವಿಶ್ವವಿದ್ಯಾಲಯ ಮೊದಲನೆಯ ಬಿರುದಿಗೆ ಕಾರಣ. ನಿಮ್ಮ ಐದು ಕೆಜಿಗೆ ಎರಡನೆಯ ಬಿರುದು.

ಮಾಂಸ ಅಲ್ಲಿ ತುಂಡಾಗಿ ತಟ್ಟೆಯಲ್ಲಿ ಕೂತಿದ್ದರೆ ಗುರುತು ಹಿಡಿದು ಬಿಡಬಹುದಿತ್ತು. ಅದು ಕಾಣದ ಕಡೆ ಕೂತಿರುತ್ತದೆ. ತೊರ್ತೆಲ್ಲೀನಿ ಅಂದರೆ ನಮ್ಮ ಕಡುಬಿನ ಮರಿ. ಒಳಗಿನ ಹೂರಣ ಹಂದಿಮಾಂಸ, ಪ್ರೋಶೂತ್ತೊ ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ, ಮೊರ್ತದೆಲ್ಲಾ ಅಂದರೆ ಹಂದಿಯ ದಪ್ಪ ಸಾಸೇಜು. ಬೇಯುವುದು ಹುಂಜದ ಸಾರಿನಲ್ಲಿ. ಪಿಯಾದೀನಾ ನೋಡಿದರೆ ಥೇಟು ನಮ್ಮ ಚಪಾತಿ, ಎಷ್ಟೋ ಹುಡುಗರು ಮೊದಲ ವಾರವೇ "ಚಪಾತಿ ಸಿಕ್ಕಿತು" ಅಂತ ಮನೆಗೆ ಫೋಟೊ ಕಳಿಸುತ್ತಾರೆ. ಸಾಂಪ್ರದಾಯಿಕವಾಗಿ ಅದನ್ನು ನಾದುವುದು ಸ್ತ್ರುತ್ತೊ ಹಾಕಿ, ಅಂದರೆ ಹಂದಿಯ ಕೊಬ್ಬು. ಎಣ್ಣೆಯಲ್ಲಿ ನಾದಿದ್ದೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಅಂಗಡಿಯ ಶೀಶೆಯಲ್ಲಿ ನಮ್ಮ ರಂಜಕದ ಹಾಗೆ ಕೆಂಪಗೆ ಹೊಳೆಯುವ ಕಲಾಬ್ರಿಯಾದ ಎನ್‌ದೂಯಾ ಖಾರದ ಚಟ್ನಿಯೆಂದುಕೊಂಡರೆ, ಅದೂ ಹಂದಿಯೇ. ಹೋಟೆಲಿನವನಿಗೆ "ಮಾಂಸ ಬೇಡ" ಅಂದರೆ ಸಾಲದು; ಅವನ ಲೆಕ್ಕದಲ್ಲಿ ಸಣ್ಣಗೆ ಹೆಚ್ಚಿ ಉದುರಿಸಿದ ಪ್ರೋಶೂತ್ತೊ ಮಾಂಸದ ಖಾತೆಗೆ ಬರದೇ ಇರಬಹುದು. ಹೆಸರು ಹಿಡಿದೇ ಕೇಳಬೇಕು.

ಇದನ್ನು ಹೇಳಲೋ ಬೇಡವೋ ಅಂತ ಯೋಚಿಸಿದೆ, ಆದರೆ ಮುಂದೆ ನಿಮಗೇ ಗೊತ್ತಾಗುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು. ಬೊಲೊನ್ಯಾದ ಹಸಿ ಪಾಸ್ತಾ, ಪಟ್ಟಿ ಪಟ್ಟಿಯ ತಾಲ್ಯಾತೆಲ್ಲೆಯಿರಲಿ ಹೂರಣ ತುಂಬಿದ ತೊರ್ತೆಲ್ಲೋನಿಯಿರಲಿ, ಮೊಟ್ಟೆ ಹಾಕಿಯೇ ನಾದಿದ ಹಿಟ್ಟು. ಪ್ಯಾಕೆಟ್ಟಿನ ಒಣ ಸ್ಪಾಗೆಟ್ಟಿ, ಪೆನ್ನೆ ಇವುಗಳಲ್ಲಿ ಸಾಮಾನ್ಯವಾಗಿ ಗೋಧಿ ರವೆ, ನೀರು ಬಿಟ್ಟು ಇನ್ನೇನೂ ಇರುವುದಿಲ್ಲ. ನಿಮಗೆ ಹಸಿ ಪಾಸ್ತಾ ಬೇಡ, ಒಣದು ಇರಲಿ.

ಇನ್ನು ಚೀಸು. ಹಾಲು ಒಡೆಯಲು ನಾವು ನಿಂಬೆರಸ ಹಿಂಡುತ್ತೇವೆ, ಮೊಸರಿಗೆ ಹೆಪ್ಪು ಹಾಕುತ್ತೇವೆ. ಅವರು ಹಾಲನ್ನು ಗಟ್ಟಿ ಮಾಡಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಬಳಸುತ್ತಾರೆ; ಇಟಲಿಯಲ್ಲಿ ಅದಕ್ಕೆ ಕಾಲ್ಯೊ ಅನ್ನುತ್ತಾರೆ, ಜರ್ಮನಿಯಲ್ಲಿ ಲಾಬ್. ಪಾರ್ಮಿಜಾನೊ ರೆಜ್ಜಾನೊ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ: ಹಾಲು, ಉಪ್ಪು, ಕರುವಿನ ರೆನೆಟ್, ಕನಿಷ್ಠ 12 ತಿಂಗಳ ಮಾಗುವಿಕೆ. ಆದ್ದರಿಂದ ಆ ಹೆಸರಿನ ಸಸ್ಯಾಹಾರಿ ಚೀಸು ಇರಲು ಸಾಧ್ಯವೇ ಇಲ್ಲ. ಅದರಂಥದೇ ಇನ್ನೊಂದು ಚೀಸು ಗ್ರಾನಾ ಪದಾನೊದ ಕಥೆಯೂ ಅದೇ. ಅದಕ್ಕೆ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಎಂಬ ಕಿಣ್ವ ಕೂಡ ಸೇರುವುದುಂಟು.

ಎಂಟು ತಿಂಗಳು ತಿಂದಿದ್ದರಿಂದ ದೇಹಕ್ಕೆ ಏನೂ ಆಗಿಲ್ಲ. ಮನಸ್ಸಿಗೆ ಆಗಿರುವುದಕ್ಕೆ ಸಮಾಧಾನ ಹೇಳುವ ಮಠ ನನ್ನದಲ್ಲ. ಆದರೆ ಗೊತ್ತಿಲ್ಲದೆ ಆದದ್ದಕ್ಕೆ ಈಗ ಊಟ ಬಿಟ್ಟು ಕೂತರೆ ಸುಸ್ತು ಹೆಚ್ಚುತ್ತದೆ, ಅಷ್ಟೇ. ನನ್ನ ಬಳಿ ಬರುವವರು ಇಲ್ಲಿ ಮೂರು ದಾರಿ ಹಿಡಿಯುತ್ತಾರೆ. ಕೆಲವರು "ಕಣ್ಣಿಗೆ ಕಾಣದ್ದು ನನಗೆ ಲೆಕ್ಕವಿಲ್ಲ" ಅಂದುಕೊಂಡು ಚೀಸು ಮುಂದುವರಿಸುತ್ತಾರೆ. ಕೆಲವರು ಚೀಟಿ ಓದಿ ಕೊಳ್ಳುತ್ತಾರೆ: ಇಟಲಿಯಲ್ಲಿ "ಕಾಲ್ಯೊ ವೆಜೆತಾಲೆ" ಅಥವಾ "ಮಿಕ್ರೋಬಿಕೊ", ಜರ್ಮನಿಯಲ್ಲಿ "ಮಿಕ್ರೋಬಿಯೆಲ್ಲೆಸ್ ಲಾಬ್" ಅಂತಿದ್ದರೆ ಪ್ರಾಣಿಯ ಹೊಟ್ಟೆಯದಲ್ಲ. ಇನ್ನು ಕೆಲವರು ಚೀಸನ್ನೇ ಬಿಟ್ಟು ಮೊಸರು ಹಿಡಿಯುತ್ತಾರೆ. ಮೂರನೆಯದು ಮನಸ್ಸಿಗೆ ಹಗುರ, ಆದರೆ ಹಾಲು-ಮೊಸರನ್ನೂ ಜೊತೆಯಲ್ಲೇ ಕಡಿಮೆ ಮಾಡಿಬಿಟ್ಟರೆ ವಿಟಮಿನ್ ಬಿ12 ಪೂರ್ತಿ ಕೈಕೊಡುತ್ತದೆ.

ಈಗ ತೂಕ ಏರಿ ಶಕ್ತಿ ಇಳಿದ ವಿಚಾರ. ಪತ್ರದಲ್ಲಿ ನಿಮ್ಮ ಊಟದ ವಿವರ ಇಲ್ಲ, ಆದರೆ ಬೊಲೊನ್ಯಾದಲ್ಲಿರುವ ನಮ್ಮ ಮಕ್ಕಳ ದಿನಚರಿ ನನಗೆ ಬಾಯಿಪಾಠ. ಬೆಳಿಗ್ಗೆ ಕಾಫಿ, ಬಿಸ್ಕತ್ತು. ಮಧ್ಯಾಹ್ನ ಒಂದು ತುಂಡು ಪಿಜ್ಜಾ. ರಾತ್ರಿ ಬೋಗುಣಿ ತುಂಬ ಪಾಸ್ತಾ. ಇಟಲಿಯವರು ಒಬ್ಬರಿಗೆ ಅಳೆಯುವ ಒಣ ಪಾಸ್ತಾ ಸುಮಾರು 80 ಗ್ರಾಂ. ಅದು ಅವರಿಗೆ ಊಟದ ಮೊದಲ ಭಾಗ ಮಾತ್ರ. ಹಿಂದೆ ಕಾಳೋ ಮಾಂಸವೋ, ಪಕ್ಕದಲ್ಲಿ ಸೊಪ್ಪು-ತರಕಾರಿ ಬರುತ್ತದೆ. ನಾವು ಅದೇ ಪಾಸ್ತಾವನ್ನು ಅನ್ನದ ಹಾಗೆ ಬಡಿಸಿಕೊಳ್ಳುತ್ತೇವೆ, 200 ಗ್ರಾಂ, ಅದೇ ಪೂರ್ತಿ ಊಟ. ಅಷ್ಟರಲ್ಲೇ 700 ಕ್ಯಾಲರಿ ಹೋಯಿತು, ಮೇಲೆ ಎಣ್ಣೆ, ಚೀಸು. ಊರಲ್ಲಿ ರೊಟ್ಟಿಯ ಜೊತೆ ಲೆಕ್ಕವಿಲ್ಲದೆ ಹೊಟ್ಟೆ ಸೇರುತ್ತಿದ್ದ ಹೆಸರುಕಾಳು, ಮಡಿಕೆಕಾಳು, ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ, ಮಜ್ಜಿಗೆ ಎಲ್ಲವೂ ಒಂದೇ ದಿನ ನಿಂತುಹೋದವು. ನಿಮ್ಮ ತೂಕ ಹೆಚ್ಚಿಸಿದ್ದು ಇದ್ದದ್ದು. ಕೂದಲು ಉದುರಿಸುತ್ತಿರುವುದು ಇಲ್ಲದ್ದು.

ಕೂದಲಿನ ಬಗ್ಗೆ ಇನ್ನೊಂದು ಮಾತು. ಊರು ಬಿಟ್ಟದ್ದು, ಪರೀಕ್ಷೆ, ನಿದ್ದೆಗೇಡು ಇಂಥ ಪೆಟ್ಟಿಗೆ ಕೂದಲು ಉತ್ತರ ಕೊಡುವುದು ಎರಡು-ಮೂರು ತಿಂಗಳು ತಡವಾಗಿ. ಆಗ ಇಡೀ ಆಪಾದನೆ ನಳದ ನೀರಿನ ಮೇಲೆ ಬೀಳುತ್ತದೆ. ಶಾಂಪೂ ಬದಲಿಸುವ ಮೊದಲು ರಜೆಗೆ ಬಂದಾಗ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ಹೇಳುವುದು), ಬಿ12, ವಿಟಮಿನ್ ಡಿ, ಥೈರಾಯ್ಡ್ ಈ ಐದನ್ನು ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿ. ಸುಸ್ತಿನ ಜೊತೆ ಕೈಕಾಲು ಜುಮುಗುಟ್ಟುವುದು, ಏದುಸಿರು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಇದ್ದರೆ ರಜೆಯವರೆಗೆ ಕಾಯಬೇಡಿ, ಅಲ್ಲೇ ತೋರಿಸಿ. ಇಟಲಿಗೆ ಹೋದವರು ಎಲ್ಲರೂ ಕಲಿಯುವ ಊಟದ ಬೆನ್ನಿಗೆ ಕಾಫಿ ಅನ್ನುವ ಅಭ್ಯಾಸ ಕಬ್ಬಿಣದ ಅಂಶಕ್ಕೆ ಒಳ್ಳೆಯದಲ್ಲ. ಕಾಫಿ ಒಂದು ಗಂಟೆ ತಡವಾಗಲಿ, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಬೊಲೊನ್ಯಾದಲ್ಲಿ ಉಳಿದಿರುವ ತಿಂಗಳುಗಳಿಗೆ ಇಷ್ಟು ಸಾಕು: ಹೋಟೆಲಿನಲ್ಲಿ ಪಿಜ್ಜಾ ಮರಿನಾರಾ, ಅದರಲ್ಲಿ ಚೀಸೇ ಇರುವುದಿಲ್ಲ, ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಅಥವಾ ಬೆಳ್ಳುಳ್ಳಿ-ಎಣ್ಣೆ-ಮೆಣಸಿನಕಾಯಿಯ ಸ್ಪಾಗೆಟ್ಟಿ, ಪಕ್ಕದಲ್ಲಿ "ಕೊಂತೋರ್ನಿ" ಅನ್ನುವ ತಲೆಬರಹದ ಕೆಳಗಿನ ಸೊಪ್ಪು-ತರಕಾರಿ. ಮನೆಯಲ್ಲಿ "ಫರೀನಾ ದಿ ಚೇಚಿ" ತಂದಿಟ್ಟುಕೊಳ್ಳಿ. ಹೆಸರು ದೊಡ್ಡದು, ಒಳಗಿರುವುದು ಕಡಲೆ ಹಿಟ್ಟು. ಜುಣಕ ಮಾಡಲು ಅದಕ್ಕಿಂತ ಬೇರೆ ಬೇಕಿಲ್ಲ. ಬಾಂಗ್ಲಾದೇಶದವರು ನಡೆಸುವ ಸಣ್ಣ ಅಂಗಡಿಗಳು ಆ ಊರಲ್ಲಿ ಬೇಕಾದಷ್ಟಿವೆ. ಕೊತ್ತಂಬರಿ, ಹಸಿಮೆಣಸಿನಕಾಯಿ, ಬೇಳೆ ಅಲ್ಲೇ ಸಿಗುತ್ತವೆ.

ಸ್ಪಾಗೆಟ್ಟಿ ಮುರಿದದ್ದಕ್ಕೆ ಮುನಿಸಿಕೊಂಡ ಆ ಹುಡುಗಿಯ ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ. ಅವಳ ಊರಿನವರು 1972ರಲ್ಲಿ ತಾಲ್ಯಾತೆಲ್ಲೆಯ ಅಗಲ ಎಷ್ಟಿರಬೇಕೆಂದು ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿ ಇಟ್ಟವರು. ಬೆಂದ ಮೇಲೆ 8 ಮಿಲಿಮೀಟರು. ಊರ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಪಾಲಂತೆ. ಅದಕ್ಕೆ ಚಿನ್ನದ ಮಾದರಿಯೂ ಇದೆ. ಪಾಸ್ತಾಕ್ಕೆ ಬೆರೆಸುವ ಮಾಂಸದ ಸಾಸು ರಾಗೂ 1982ರಲ್ಲಿ ದಾಖಲಾಯಿತು. 2019ರಲ್ಲಿ ಊರದೇವರಾದ ಸಂತ ಪೆತ್ರೋನಿಯೊ ಹಬ್ಬಕ್ಕೆ, ಹಂದಿ ತಿನ್ನದವರೂ ಪಂಕ್ತಿಯಲ್ಲಿ ಕೂರಲಿ ಅಂತ ಕೋಳಿಮಾಂಸ ತುಂಬಿದ ತೊರ್ತೆಲ್ಲೀನಿಯನ್ನೂ ಮಾಡುತ್ತೇವೆಂದಾಗ ರಾಷ್ಟ್ರಮಟ್ಟದ ರಾಜಕಾರಣಿಗಳು ಎದ್ದು ಕೂಗಾಡಿದರು. ಇಂಥ ಊರಿನಲ್ಲಿ ನೀವು ಸ್ಪಾಗೆಟ್ಟಿಯನ್ನು ಲಟಲಟ ಮುರಿದು ಸಾಸಿವೆ-ಕರಿಬೇವಿನ ಒಗ್ಗರಣೆಗೆ ಹಾಕಿದ್ದೀರಿ! ನಿಮ್ಮ ಅಜ್ಜಿಯ ಎದುರು ಯಾರಾದರೂ ಹೋಳಿಗೆಯನ್ನು ಕತ್ತರಿಯಲ್ಲಿ ಕತ್ತರಿಸಿ ಕೆಚಪ್ಪಿಗೆ ಅದ್ದಿದರೆ ಅಜ್ಜಿ ಎಷ್ಟು ದಿನ ಮಾತು ಬಿಡುತ್ತಿದ್ದರು? ಉಪ್ಪಿಟ್ಟು ಬೇಕಿದ್ದರೆ ಅಲ್ಲಿ "ಸೆಮೊಲೀನೊ" ಅಂತ ರವೆಯೇ ಸಿಗುತ್ತದೆ. ಜರ್ಮನಿಯಲ್ಲಿ ಅದರ ಹೆಸರು "ಗ್ರೀಸ್".

ಆದರೆ ಈ ಕಾವಲಿನ ಇನ್ನೊಂದು ಮುಖವನ್ನು ನೀವು ಬರ್ಲಿನ್‌ಗೆ ಹೋದ ಮೇಲೆ ನೆನೆಸಿಕೊಳ್ಳುತ್ತೀರಿ. ಪಾಕವನ್ನು ಇಷ್ಟು ಕಾಯುವ ಜನ ಪಂಕ್ತಿಯನ್ನೂ ಕಾಯುತ್ತಾರೆ. ಬೊಲೊನ್ಯಾದಲ್ಲಿ ರಾತ್ರಿ ಎಂಟರ ಮೇಲೆ ಒಬ್ಬರೇ ಉಣ್ಣುವುದು ಅವರಿಗೇ ಸರಿಕಾಣುವುದಿಲ್ಲ, ಯಾರಾದರೂ ಕರೆಯುತ್ತಾರೆ. ಊಟಕ್ಕೆ ಮುಂಚೆ ಸಂಜೆ ಕೂತು ಕುಡಿಯುವ ಅಪೆರಿತೀವೊದಲ್ಲಿ ಮದ್ಯವೇ ಕುಡಿಯಬೇಕೆಂದಿಲ್ಲ. "ಅನಾಲ್ಕೋಲಿಕೊ" ಅಂದರೆ ಮದ್ಯವಿಲ್ಲದ್ದು ಕೊಡುತ್ತಾರೆ, ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. 1465ರಿಂದ ಇರುವ ಓಸ್ತೆರಿಯಾ ದೆಲ್ ಸೋಲೆ ಅನ್ನುವ ಹಳೆಯ ಪಾನಗೃಹದಲ್ಲಂತೂ ಕುಡಿಯಲಷ್ಟೇ ಕೊಡುತ್ತಾರೆ, ತಿನ್ನಲು ನಾವೇ ಕಟ್ಟಿಕೊಂಡು ಹೋಗಬೇಕು. ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಲು ಇದಕ್ಕಿಂತ ಒಳ್ಳೆಯ ಜಾಗ ಯೂರೋಪಿನಲ್ಲಿ ನಾನು ಕಂಡಿಲ್ಲ.

ಬರ್ಲಿನ್‌ನಲ್ಲಿ ಪಾಕಕ್ಕೆ ಕಾವಲಿಲ್ಲ. ಯುದ್ಧದಲ್ಲಿ ನೆಲಕ್ಕೆ ಬಿದ್ದು, ಗೋಡೆ ಕಟ್ಟಿಸಿಕೊಂಡು, ಹೊರಗಿನಿಂದ ಬಂದವರ ಕೈಯಲ್ಲಿ ಮತ್ತೆ ಎದ್ದ ಊರು ಅದು. 1961ರ ಒಪ್ಪಂದದ ಮೇಲೆ ತುರ್ಕಿಯಿಂದ ಕೆಲಸಗಾರರು ಬಂದರು. ಪೂರ್ವ ಭಾಗಕ್ಕೆ ವಿಯೆಟ್ನಾಮಿನವರು ಗುತ್ತಿಗೆ ಕೂಲಿಗಳಾಗಿ ಬಂದರು. ಆಮೇಲೆ ಲೆಬನಾನ್, ಸುಡಾನ್, ಸಿರಿಯಾ. ಅದಕ್ಕೇ ಮಂಗಳವಾರ, ಶುಕ್ರವಾರ ಕಾಲುವೆಯ ಪಕ್ಕದ ಮೈಬಾಖ್ ದಂಡೆಯ ತುರ್ಕಿ ಸಂತೆಗೆ ಹೋದರೆ ಬದನೆ, ಬೆಂಡೆ, ಕಟ್ಟುಕಟ್ಟು ಕೊತ್ತಂಬರಿ, ಗಟ್ಟಿ ಮೊಸರು. ಸಂತೆ ಮುಗಿಯುವ ಹೊತ್ತಿಗೆ ನಮ್ಮ ವಾರದ ಸಂತೆಯ ಹಾಗೇ ಕೂಗಿ ಕೂಗಿ ಬೆಲೆ ಇಳಿಸುತ್ತಾರೆ. ಅಯ್ರಾನ್ ಅನ್ನುವ ಡಬ್ಬಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಊರಿನ ಪೂರ್ವಕ್ಕಿರುವ ಲಿಷ್ಟೆನ್‌ಬರ್ಗಿನಲ್ಲಿ ವಿಯೆಟ್ನಾಮಿನವರ ಡಾಂಗ್ ಶುವಾನ್ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಎಷ್ಟೋ ಸೊಪ್ಪು-ಗೆಡ್ಡೆಗಳು. ನಾನು ಆ ಊರಿಗೆ ಹೋದ ಎರಡನೆಯ ವಾರ ಸುಡಾನಿನವರ ಅಂಗಡಿಯಲ್ಲಿ ಫಲಾಫೆಲ್ ಕೊಂಡೆ. ಕಡಲೆಯ ವಡೆ, ಬ್ರೆಡ್ಡಿನೊಳಗೆ, ಮೇಲೆ ಒಂದು ಸೌಟು ಸಾಸು. ಬಾಯಿಗಿಟ್ಟರೆ ಶೇಂಗಾ! ಖಾರ ಹಾಕಿ ತೆಳ್ಳಗೆ ಅರೆದ ಶೇಂಗಾ ಚಟ್ನಿಯೇ. ಚಳಿಯಲ್ಲಿ ಬಸ್ಸಿನ ನಿಲ್ದಾಣದಲ್ಲಿ ನಿಂತು ಬೆರಳು ನೆಕ್ಕಿದ್ದು ಇನ್ನೂ ನೆನಪಿದೆ.

ಇನ್ನು ಕಾಲೇಜಿನ ಮೆನ್ಸಾ, ಅಂದರೆ ಭೋಜನಶಾಲೆ. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದಲ್ಲಿ 2010ರಲ್ಲೇ ಪೂರ್ತಿ ಸಸ್ಯಾಹಾರದ ಮೆನ್ಸಾ ತೆರೆದಿತ್ತು. 2021ರ ಚಳಿಗಾಲದ ಸೆಮಿಸ್ಟರಿನಿಂದ ಊರಿನ ವಿದ್ಯಾರ್ಥಿ ಮೆನ್ಸಾಗಳ ಪಟ್ಟಿಯಲ್ಲಿ ನೂರಕ್ಕೆ 96 ಪಾಲು ಸಸ್ಯಾಹಾರ ಇರಬೇಕೆಂದು ನಿರ್ಧರಿಸಿದರು, ಅದರಲ್ಲೂ ಹೆಚ್ಚಿನದು ಹಾಲು-ಮೊಟ್ಟೆಯೂ ಇಲ್ಲದ ವೀಗನ್. ಸಾಸೇಜಿನ ಊರು ಅಂತ ಹೆದರಿಸಿದವರಿಗೆ ಇದನ್ನು ಹೇಳಿ.

ಇಲ್ಲೊಂದು ಎಚ್ಚರ. ಅಲ್ಲಿ "ವೆಗೆಟಾರಿಶ್" ಅಂದರೆ ಮೊಟ್ಟೆ ಸೇರಿದ ಸಸ್ಯಾಹಾರ. ನಿಮಗೆ ಬೇಕಾದ ಶಬ್ದ "ವೀಗನ್". ಅದು ನಿಮ್ಮ ಮನೆಯ ನೇಮಕ್ಕಿಂತ ಒಂದು ಹೆಜ್ಜೆ ಮುಂದೆ ಇರುವುದರಿಂದ ಮೊಟ್ಟೆ, ರೆನೆಟ್, ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಾಟಿನ್ ಎಲ್ಲಕ್ಕೂ ಒಂದೇ ಬೀಗ. ಪ್ಯಾಕೆಟ್ಟುಗಳ ಮೇಲೆ "ಶ್ಮಾಲ್ಟ್ಸ್" (ಹಂದಿಯ ಕೊಬ್ಬು), "ಶ್ಪೆಕ್" (ಉಪ್ಪು ಹಾಕಿದ ಹಂದಿಮಾಂಸ), "ಗೆಲಾಟೀನೆ" (ಜೆಲಾಟಿನ್) ಕಂಡರೆ ಇಟ್ಟುಬಿಡಿ. ಕೆಲವು ಮೊಸರಿನ ಕಪ್ಪುಗಳಲ್ಲೂ ಗೆಲಾಟೀನೆ ಇರುವುದುಂಟು. ಹಳೆಯ ಜರ್ಮನ್ ಹೋಟೆಲಿನಲ್ಲಿ ಮುಗ್ಧವಾಗಿ ಕೂತಿರುವ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು, ಕೆಂಪು ಕೋಸಿನ ಪಲ್ಯಕ್ಕೆ ಕೊಬ್ಬು ಬಿದ್ದಿರಬಹುದು, ಕೇಳಿ.

ಆದರೆ ದಿನವೂ ವೀಗನ್ ತಟ್ಟೆಯನ್ನೇ ಎತ್ತಿಕೊಂಡು, ಮನೆಗೆ ಬಂದು ಹಾಲು-ಮೊಸರು ಮುಟ್ಟದಿದ್ದರೆ ಬಿ12 ಬರುವ ದಾರಿಯೇ ಇರುವುದಿಲ್ಲ. ಅಲ್ಲಿಂದ ಅವ್ವನ ಮೊಟ್ಟೆಗೆ ಬರೋಣ. ಅವ್ವ ಹೇಳಿದ್ದು ಪ್ರೀತಿಯಿಂದ, ತಪ್ಪೂ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅರ್ಧ ಮೈಕ್ರೋಗ್ರಾಂ ಬಿ12. ಒಂದು ದೊಡ್ಡ ಲೋಟ ಹಾಲಿನಲ್ಲಿ ಬಿ12 ಒಂದು ಮೈಕ್ರೋಗ್ರಾಂನಷ್ಟು. ಯೂರೋಪಿನ ಲೆಕ್ಕದಲ್ಲಿ ದಿನಕ್ಕೆ ಬೇಕಾದದ್ದು 4. ಅಂದರೆ ಮೊಟ್ಟೆ ಶುರುಮಾಡಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಮನಸ್ಸು ಒಪ್ಪಿದರೆ ತಿನ್ನಿ. ಮೂಗು ಮುಚ್ಚಿ ನುಂಗಬೇಕಾದರೆ ಆ ಕಷ್ಟ ಬೇಡ. ಬಿ12 ಮಾತ್ರೆಯನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳಿಂದ, ಪ್ರಾಣಿಯಿಂದಲ್ಲ. ಹೊರಗಿನ ಕ್ಯಾಪ್ಸೂಲು ಮಾತ್ರ ಜೆಲಾಟಿನ್ ಇರಬಹುದು, ಆದ್ದರಿಂದ ಗಟ್ಟಿ ಮಾತ್ರೆಯನ್ನೇ ಕೊಳ್ಳಿ. ಪ್ರೋಟೀನಿಗೆ ಕಾಳು, ಮೊಸರು, ತೋಫು ಸಾಕು. ಜರ್ಮನಿಯ ಕ್ವಾರ್ಕ್ ಅನ್ನುವ ಗಟ್ಟಿ ಮೊಸರಿನಂಥದ್ದರಲ್ಲಿ 100 ಗ್ರಾಂಗೆ ಹನ್ನೆರಡು ಗ್ರಾಂ ಪ್ರೋಟೀನ್ ಇದೆ. ಕೆಲವರು ಅದಕ್ಕೂ ಲಾಬ್ ಹಾಕುತ್ತಾರೆ, ನಿಮ್ಮ ನಿರ್ಧಾರ ನೋಡಿಕೊಂಡು ಕೊಳ್ಳಿ.

ಬ್ರೆಡ್ಡಿನ ಬಗ್ಗೆ ನಿಮಗೆ ಸಿಕ್ಕ ಸುದ್ದಿ ಅರ್ಧ ನಿಜ. ರೈ ಧಾನ್ಯದ ಕಪ್ಪು ಬ್ರೆಡ್ಡು ಕಲ್ಲಿನ ಹಾಗೇ ತೂಗುತ್ತದೆ, ಹುಳಿಯೂ ಹೌದು, ಯಾಕೆಂದರೆ ಅದು ದೋಸೆ ಹಿಟ್ಟಿನ ಹಾಗೆ ಹುದುಗಿಸಿದ ಹಿಟ್ಟು. ಆದರೆ ಜೋಳದ ರೊಟ್ಟಿ ಅಗಿದು ಬೆಳೆದ ಹಲ್ಲಿಗೆ ಅದು ಯಾವ ಲೆಕ್ಕ? ಮೈದಾದ ಬಿಳಿ ಬ್ರೆಡ್ಡಿಗಿಂತ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ತೆಳ್ಳಗೆ ಕೊಯ್ದು, ಕಾವಲಿಯ ಮೇಲೆ ಬಿಸಿ ಮಾಡಿ, ಶೇಂಗಾ ಹಿಂಡಿ, ತುರ್ಕಿ ಮೊಸರು, ಒಂದು ಹಸಿ ಈರುಳ್ಳಿ. ಮೊದಲ ವಾರ ಮುಖ ಸಿಂಡರಿಸಿದ ನಾನು ಊರಿಗೆ ಬಂದ ಮೇಲೆ ಅದಕ್ಕಾಗಿ ಬೆಂಗಳೂರಿನ ಬೇಕರಿಗಳನ್ನೆಲ್ಲ ಹುಡುಕಿದ್ದೇನೆ. ರಾತ್ರಿಯ ತಣ್ಣನೆಯ ಊಟವೂ ನಿಜ, ಆಬೆಂಡ್‌ಬ್ರೋಟ್ ಅಂದರೆ ಸಂಜೆಯ ಬ್ರೆಡ್ಡು. ಅವರಿಗೆ ಬಿಸಿ ಊಟ ಮಧ್ಯಾಹ್ನದ್ದು. ಅದು ಅವರ ಪದ್ಧತಿ. ನೀವು ಮಧ್ಯಾಹ್ನ ಮೆನ್ಸಾದಲ್ಲಿ ಬಿಸಿಯದು ಉಂಡು ಬಂದು, ರಾತ್ರಿ ಒಂದು ಅನ್ನ-ಸಾರು ಇಟ್ಟುಕೊಂಡರೆ ತಡೆಯುವವರು ಯಾರು?

ಬರ್ಲಿನ್‌ನಲ್ಲಿ ನನ್ನ ಚಿಂತೆ ನಿಮ್ಮ ತಟ್ಟೆಯದಲ್ಲ, ನವೆಂಬರಿನದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಅಲ್ಲಿನ ಬಿಸಿಲಿನಿಂದ ಚರ್ಮ ಬೇಕಾದಷ್ಟು ವಿಟಮಿನ್ ಡಿ ಮಾಡಿಕೊಳ್ಳಲಾರದು. ನಮ್ಮ ಕಂದು ಚರ್ಮಕ್ಕೆ ಇನ್ನೂ ಕಷ್ಟ. ಬಿಸಿಲು ಸಿಗದವರಿಗೆ ಜರ್ಮನಿಯ ಪೋಷಣಾ ಸಂಘ ಹೇಳುವುದು ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಯೂನಿಟ್. ಅಲ್ಲಿನ ದಿನಬಳಕೆ ಸಾಮಾನಿನ ಅಂಗಡಿಗಳಲ್ಲೇ ಸಿಗುತ್ತದೆ. ಕಲ್ಲುಹೂವಿನಿಂದ ತೆಗೆದ ವೀಗನ್ ಮಾತ್ರೆಯೂ ಇದೆ. ನಮ್ಮೂರಿನ 60,000 ಯೂನಿಟ್ಟಿನ ಪೊಟ್ಟಣಗಳನ್ನು ಸಕ್ಕರೆ ಪುಡಿಯ ಹಾಗೆ ಕಟ್ಟಿಕೊಂಡು ಹೋಗಿ ಮನಬಂದಂತೆ ನುಂಗಬೇಡಿ. ರಕ್ತಪರೀಕ್ಷೆ ನೋಡಿ ವೈದ್ಯರು ಬರೆದುಕೊಟ್ಟರೆ ಮಾತ್ರ. ಕತ್ತಲು ಬರೀ ಮೂಳೆಗಲ್ಲ, ಮನಸ್ಸಿಗೂ ಬಡಿಯುತ್ತದೆ. ಬೊಲೊನ್ಯಾದ ಹಾಗೆ ಕಂಬಸಾಲಿನ ನೆರಳಲ್ಲಿ ಯಾರೋ ಸಿಕ್ಕಿ "ಬಾ ಉಣ್ಣೋಣ" ಅನ್ನುವುದಿಲ್ಲ. ಅಲ್ಲಿ ಎರಡು ವಾರ ಮೊದಲೇ ದಿನ ಗೊತ್ತು ಮಾಡಿ, ಹೇಳಿದ ನಿಮಿಷಕ್ಕೆ ಬಂದು, ತಮ್ಮ ತಮ್ಮ ಬಿಲ್ಲು ತಾವೇ ಕೊಡುತ್ತಾರೆ. ಅದು ತಾತ್ಸಾರವಲ್ಲ, ಅವರ ರೀತಿ. ಒಬ್ಬೊಬ್ಬರೂ ಒಂದೊಂದು ತಿಂಡಿ ತರುವ ಕೂಟಗಳು ವಿದ್ಯಾರ್ಥಿಗಳಲ್ಲಿ ಬಹಳ. ಅಕ್ಟೋಬರಿನಲ್ಲೇ ಅಂಥ ಒಂದಕ್ಕೆ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ಒಯ್ಯಿರಿ. ಎಲ್ಲವನ್ನೂ ಮನೆಯಲ್ಲೇ ಮಾಡಿಕೊಂಡು ಕೋಣೆಯಲ್ಲೇ ಉಣ್ಣುವ ಮಕ್ಕಳ ರಕ್ತದ ವರದಿ ಚೆನ್ನಾಗಿರುತ್ತದೆ, ಫೆಬ್ರವರಿಯ ಫೋನು ಮಾತ್ರ ಅಳುತ್ತಾ ಬರುತ್ತದೆ. ವಾರದಲ್ಲಿ ಮೂರು ದಿನವಾದರೂ ಮೆನ್ಸಾದ ಉದ್ದ ಮೇಜಿನಲ್ಲಿ ಜನರ ನಡುವೆ ಕೂತು ಉಣ್ಣಿ. ಮೂರು-ನಾಲ್ಕು ವಾರ ಏನೂ ಬೇಡವೆನ್ನಿಸಿ ಹಾಸಿಗೆ ಬಿಟ್ಟೇಳಲು ಆಗದಿದ್ದರೆ ಅದು ಆಲಸ್ಯವಲ್ಲ, ವೈದ್ಯರ ಹತ್ತಿರ ಹೋಗಿ. ಅಲ್ಲಿ ವಿದ್ಯಾರ್ಥಿ ವಿಮೆಯಲ್ಲಿ ಅದೂ ಬರುತ್ತದೆ.

ಒಗ್ಗರಣೆಯ ಜಗಳ ಎರಡೂ ಊರಲ್ಲಿ ಇದ್ದದ್ದೇ. ಇಂಗು, ಸಾಸಿವೆಯ ಹೊಗೆ ಅಡುಗೆಮನೆಯಲ್ಲಿ ನಿಂತರೆ ಯಾರಿಗೂ ತಕರಾರಿಲ್ಲ. ಅದು ಓಣಿಯಲ್ಲಿ ನೇತುಹಾಕಿದ ಉಣ್ಣೆಯ ಕೋಟುಗಳಿಗೆ ಹತ್ತಿಕೊಂಡು, ಮರುದಿನ ಅವರ ಜೊತೆ ತರಗತಿಗೆ ಹೋದಾಗ ಜಗಳ ಶುರು. ಬಾಗಿಲು ಹಾಕಿ, ಕಿಟಕಿ ತೆರೆದು, ಆಮೇಲೆ ಎಣ್ಣೆ ಕಾಯಿಸಿ. ನಿಮ್ಮ ಕೋಟನ್ನು ಕೋಣೆಯೊಳಗೆ ಇಟ್ಟುಕೊಳ್ಳಿ. ಅವರು ಕಿಟಕಿ ತೆರೆದರೆ ಅವಮಾನ ಅಂದುಕೊಳ್ಳಬೇಡಿ, ಜರ್ಮನರು ಹಿಮ ಬೀಳುವಾಗಲೂ ದಿನಕ್ಕೆರಡು ಸಲ ಕಿಟಕಿ ತೆರೆಯುವವರು. ಗೋಡೆ ಬೂಷ್ಟು ಹಿಡಿಯದಿರಲಿ ಅಂತ ಎಷ್ಟೋ ಬಾಡಿಗೆ ಕರಾರಿನಲ್ಲೇ ಬರೆದಿರುತ್ತಾರೆ. ರಾತ್ರಿ ಹತ್ತರ ಮೇಲೆ ಮಿಕ್ಸಿ, ಕುಕ್ಕರಿನ ಸೀಟಿ ಬೇಡ.

ಹಾಗಾದರೆ ಹೋಗಿ. ತೂಕ, ರಕ್ತ, ಮನೆಯ ನೇಮ ಮೂರಕ್ಕೂ ಬರ್ಲಿನ್ ನಿಮಗೆ ಸುಲಭದ ಊರು. ಬೊಲೊನ್ಯಾದಲ್ಲೇ ಉಳಿಯಬೇಕೆನ್ನಿಸಿದರೆ ಗೆಳೆತನಕ್ಕಾಗಿ, ಓದಿಗಾಗಿ ಉಳಿಯಿರಿ; ಊಟದ ಹೆದರಿಕೆಗಾಗಿ ಅಲ್ಲ.

ಕಟ್ಟಿಕೊಳ್ಳುವ ಗಂಟಿನ ವಿಚಾರ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ತುಪ್ಪ, ಖೋವಾ ಬೇಡ. ಧಾರವಾಡ ಪೇಢೆಯೂ ಹಾಲಿನದೇ ಉಂಡೆ, ವಿಮಾನ ನಿಲ್ದಾಣದಲ್ಲಿ ಹಿಡಿದರೆ ವಾದಿಸಿ ಗೆಲ್ಲಲು ಆಗುವುದಿಲ್ಲ. ತುಪ್ಪವನ್ನು ಅಲ್ಲೇ ಬೆಣ್ಣೆ ಕಾಯಿಸಿ ಮಾಡಿಕೊಳ್ಳಿ, ಜರ್ಮನಿಯ ಬೆಣ್ಣೆ ಚೆನ್ನಾಗಿದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಒಯ್ಯಿರಿ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳು, ಸಾರಿನ ಪುಡಿ, ಇಂಗು ಇವಿಷ್ಟು ಸಾಕು. ಬೇಳೆಯನ್ನು ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಸಿಗುತ್ತದೆ. ಬೇಯಿಸುವಾಗ ಮಾತ್ರ ಒಂದು ನೆನಪಿರಲಿ: ಬರ್ಲಿನ್ನಿನ ನೀರು ಗಡುಸು, ಸುಣ್ಣದ ಅಂಶ ಜಾಸ್ತಿ, ತೊಗರಿಬೇಳೆ ಬೇಗ ಕರಗುವುದಿಲ್ಲ. ರಾತ್ರಿಯೇ ನೆನೆಹಾಕಿ, ಹುಣಸೆಹುಳಿ ಕೊನೆಗೆ ಹಾಕಿ. ಅವಸರವಿದ್ದರೆ ಎಲ್ಲ ಅಂಗಡಿಯಲ್ಲೂ ಸಿಗುವ ಕೆಂಪು ಮಸೂರ ಬೇಳೆ, ಕಾಲು ಗಂಟೆಯಲ್ಲಿ ಬೇಯುತ್ತದೆ. ಕುಕ್ಕರ್ ಒಯ್ಯುವುದಾದರೆ ಅಲ್ಯುಮಿನಿಯಂ ಬೇಡ, ಇಂಡಕ್ಷನ್ ಒಲೆ ಅದನ್ನು ಗುರುತಿಸುವುದಿಲ್ಲ. ಅಯಸ್ಕಾಂತ ಅಂಟುವ ತಳದ ಸ್ಟೀಲಿನದು ಇರಲಿ. ಬೊಲೊನ್ಯಾದಲ್ಲಿ ಕೊಂಡ ಸಾಲಾಗಿ ಮೂರು ಕಡ್ಡಿಯ ಪ್ಲಗ್ಗು ಬರ್ಲಿನ್ನಿನ ಗೋಡೆಗೆ ಕೂರುವುದಿಲ್ಲ, ಬೇರೆ ಅಡಾಪ್ಟರ್ ಬೇಕು.

ಕೊನೆಯದಾಗಿ, ಅವ್ವ ಮಸಾಲೆಗೆಂದು ಕಟ್ಟಿಕೊಡುವ ಗಸಗಸೆಯನ್ನು ನೀವೇ ತೆಗೆದಿಡಿ. ದುಬೈ, ದೋಹಾ ದಾರಿಯಾಗಿ ಹೋಗುವ ವಿಮಾನವಾದರೆ ಅದು ಆಟವಲ್ಲ. ಆ ನಾಡುಗಳಲ್ಲಿ ಗಸಗಸೆ ಮಾದಕವಸ್ತುವಿನ ಲೆಕ್ಕ. ಪುಡಿಯಲ್ಲಿ ಬೆರೆಸಿದ್ದರೂ ಬೇಡ. ಬರ್ಲಿನ್ನಿಗೆ ಇಳಿದ ಮೇಲೆ ಅದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಹೆಸರು "ಮೋನ್". ಬೇಕರಿಯವರು ಅದನ್ನು ಅರೆದು ಕೇಕಿಗೆ ಬೆರಳುದಪ್ಪ ತುಂಬುತ್ತಾರೆ, ಕೇಕಿನಲ್ಲಿ ಮೊಟ್ಟೆ ಇರುತ್ತದಾದ್ದರಿಂದ ನಿಮಗೆ ಆಗದು. ಒಂದು ಪೊಟ್ಟಣ ತಂದು ಪಾಯಸ ಮಾಡಿಕೊಳ್ಳಿ. ಅಲ್ಲಿನ ಗಸಗಸೆ ನೀಲಿ-ಕಪ್ಪು, ಪಾಯಸ ಬೂದಿಬಣ್ಣಕ್ಕೆ ಬರುತ್ತದೆ. ವೀಡಿಯೊ ಕರೆಯಲ್ಲಿ ಅವ್ವನಿಗೆ ತೋರಿಸುವ ಮೊದಲು ಆ ವಿಷಯ ಹೇಳಿಬಿಡಿ.